ಕಮಾನಿಗೆ ಬಿದ್ದ ಹರಳೆಣ್ಣೆ

ಮುಂದೆ ಮದರಾಸಿನವರೂ ಕರೆಸಿಕೊಂಡು ಕೇಳಿದ ಚೆಲ್ಲೋವಾದಕ ಗಫಾರನ ಹೆಸರು ಮಂಡ್ಯದಲ್ಲೇ ಮುರುಟಿಹೋಗುವುದರಲ್ಲಿತ್ತು. ಅದಕ್ಕೆ ಕಾರಣ ಅವನ ಅಪ್ಪ ಖಾಸಿಮನ ಪ್ರೀತಿ.

ಕಿರುಗುಟ್ಟಿದ್ದನ್ನೆಲ್ಲ ಬಡಿದು ಸರಿಮಾಡಿ ಎಣ್ಣೆ ಬಿಡುವುದು ಖಾಸಿಮನ ಕಸುಬು. ಕೊತ್ತತ್ತಿಯ ಕಬ್ಬಿನ ಗಾಣ ಹಲ್ಲು ಕಡಿದರೂ ಅವನೇ ಬೇಕು, ಕೆರಗೋಡಿನ ಗಾಡಿಯ ಅಚ್ಚು ನರಳಿದರೂ ಅವನೇ. ಮಗ ಮಾತ್ರ ಸುತ್ತಿಗೆ ಹಿಡಿಯಲಿಲ್ಲ. ಮೈಸೂರಿನಲ್ಲಿ ವಾದ್ಯ ರಿಪೇರಿ ಮಾಡುವ ಸೋದರಮಾವನ ಬಳಿ ಕೆಲಸ ಕಲಿಯಲು ಹೋದವನು, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೋ ಎಂಬ ದೊಡ್ಡ ಪಿಟೀಲನ್ನು ಕಲಿತು ಬಂದ. ಪೇಟೆಯವರು ನಕ್ಕರು. ಖಾಸಿಮನಿಗೂ ಮೊದಲು ನಾಚಿಕೆಯೇ. ಒಂದು ಸಂಜೆ ಅದರ ತಗ್ಗು ದನಿಗೆ ಉಳಿ ಕೆಳಗಿಟ್ಟು ಕೂತವನು ಅಂದಿನಿಂದ ಮಗನ ಕಡೆಯಾದ.

೧೯೩೮ರಲ್ಲಿ ಮೈಸೂರಿನ ವಾದ್ಯಗೋಷ್ಠಿಯೊಂದು ಗಫಾರನನ್ನು ಪರೀಕ್ಷೆಗೆ ಕರೆಯಿತು. ಹಿಂದಿನ ದಿನ ಬೆಳಗ್ಗೆ ಕಮಾನಿನ ಕುದುರೆಗೂದಲಿನಿಂದ ಬಿಳಿ ಪುಡಿ ಉದುರುವುದನ್ನು ಖಾಸಿಂ ಕಂಡ. ಒಣಗಿದೆ ಪಾಪ ಎಂದು ಹರಳೆಣ್ಣೆ ಸವರಿದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಗಫಾರ್ ಎಳೆದರೆ ಕಮಾನು ಜಾರಿತೇ ಹೊರತು ದನಿ ಬರಲಿಲ್ಲ.

“ಅದು ರಾಳದ ಪುಡಿ ಅಬ್ಬಾ. ಕೂದ್ಲು ತಂತಿನ ಕಚ್ಚಬೇಕು, ಜಾರಬಾರ್ದು,” ಎಂದು ಗಫಾರ್ ಕೂತುಬಿಟ್ಟ. ಬೇರೆ ಕಮಾನಿರಲಿಲ್ಲ. ಖಾಸಿಮನಿಗೆ ತನ್ನ ಕೈಯನ್ನೇ ಕತ್ತರಿಸಿಕೊಳ್ಳಬೇಕೆನಿಸಿತು.

ಒಲೆ ಮುಂದಿದ್ದ ಹೆಂಡತಿ ಸುಲ್ತಾನ್ ಬೀ ಎದ್ದು ಬಂದಳು. “ಕೂದ್ಲು ತಾನೆ? ಎಣ್ಣೆ ತಲೆ ತೊಳ್ದು ಗೊತ್ತಿಲ್ವಾ ನಂಗೆ? ಕಡ್ಡಿಯಿಂದ ಬಿಚ್ಕೊಡು ಮಗಾ.”

ಬಿಚ್ಚಿಕೊಟ್ಟ ಕೂದಲನ್ನು ಅಂಟುವಾಳದ ನೊರೆಯಲ್ಲಿ ಮಗುವಿನ ತಲೆ ತೊಳೆದಂತೆ ತೊಳೆದಳು, ನೆರಳಲ್ಲಿ ಒಣಗಿಸಿದಳು. ಗಫಾರ್ ಮತ್ತೆ ಬಿಗಿದು ರಾಳ ತಿಕ್ಕಿದ. ಮೊದಲು ಬರೀ ಉಸಿರಿನ ಸದ್ದು. ಆಮೇಲೆ ತಂತಿ ನುಡಿಯಿತು. ಆದರೆ ನಾಳೆ ಪರೀಕ್ಷೆಯಲ್ಲಿ ಜಾರಿದರೆ?

ಮರುದಿನ ಖಾಸಿಂ ಮಗನ ಜತೆ ರೈಲಿನಲ್ಲಿ ವಾದ್ಯವನ್ನು ತಬ್ಬಿಕೊಂಡೇ ಮೈಸೂರಿಗೆ ಹೋದ. ಪರೀಕ್ಷೆಯ ಕೋಣೆಯೊಳಗೆ ಬಿಡದ್ದರಿಂದ ಹೊರಗಿನ ಮೆಟ್ಟಿಲ ಮೇಲೆ ಕೂತ. ಗೋಡೆಯಾಚೆ ಚೆಲ್ಲೋ ಶುರುವಾಯಿತು, ನಿಂತಿತು. ಖಾಸಿಂ ಗೋಡೆಗೆ ಕಿವಿಯಾನಿಸಿದ. ಮತ್ತೆ ಶುರುವಾಗಿ, ಕೊನೆಯವರೆಗೂ ಹರಿಯಿತು.

ಗಫಾರ್ ಬಾಗಿಲು ತೆರೆದು ಬಂದ. “ತಕ್ಕೊಂಡ್ರು ಅಬ್ಬಾ. ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತಂತೆ, ಅದಕ್ಕೇ ನಡುವೆ ನಿಲ್ಲಿಸಿ ಮೊದಲಿಂದ ನುಡ್ಸು ಅಂದ್ರು.”

“ನಿನ್ನೆಯಿಂದ ಉಸ್ರು ಇಡ್ಕೊಂಡಿದ್ದೆ ಕಣ್ಲಾ,” ಎಂದ ಖಾಸಿಂ, ಮೆಟ್ಟಿಲ ಮೇಲೇ ಕೂತು ಅತ್ತ. ಗಫಾರ್ ವಾದ್ಯವನ್ನು ಗೋಡೆಗೊರಗಿಸಿ ಅಪ್ಪನ ಪಕ್ಕದಲ್ಲಿ ಕೂತ.