ತುಟಿಯ ನಡುವಿನ ಗುಂಡುಸೂಜಿ

ದಿಲ್ಲಿಯ ಓಖ್ಲಾದಲ್ಲಿರುವ ನಮ್ಮ ಆಫೀಸಿನ ಕೆಳಮಹಡಿಯಲ್ಲಿ ಬಟ್ಟೆ ರಫ್ತು ಮಾಡುವ ಘಟಕವೊಂದಿದೆ. ಮಧ್ಯಾಹ್ನ ಮೂರಾದರೆ ಒದ್ದೆ ಹತ್ತಿಯ ಮೇಲೆ ಬಿಸಿ ಇಸ್ತ್ರಿ ಹರಿದಾಡುವ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ನಾಲ್ಕು ವರ್ಷದಿಂದ ಆ ವಾಸನೆಯಲ್ಲೇ ಕೂತು ಕೆಲಸ ಮಾಡಿದ್ದೆ. ಕಳೆದ ಮಂಗಳವಾರ ಮಾತ್ರ ತಡೆಯಲಾಗದೆ ಎದ್ದು ಹೋಗಿ ಕಿಟಕಿ ಮುಚ್ಚಿದೆ. ಅವತ್ತು ಬೆಳಗ್ಗೆ, ನನ್ನ ಜೊತೆ ನಾಟಕ ಓದಿದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸುದ್ದಿ ಬಂದಿತ್ತು. ನಮ್ಮ ವಿಭಾಗದ ವಸ್ತ್ರಕೋಣೆಯ ದರ್ಜಿ ತೀರಿಕೊಂಡಿದ್ದರು.

ಸುದ್ದಿಯ ಕೆಳಗೆ ಒಂದು ವಿಡಿಯೊ ಇತ್ತು. ಅದರಲ್ಲಿ ಇದ್ದದ್ದು ನಾನು.

ಗ್ರೇಟರ್ ನೋಯ್ಡಾದ ವಿಶ್ವವಿದ್ಯಾಲಯವೊಂದರಲ್ಲಿ ರಂಗಭೂಮಿ ಎಂ.ಎ. ಮಾಡಲು ನಾನು ದಾವಣಗೆರೆಯಿಂದ ಬಂದಿದ್ದೆ. ನಟನೆ ಕಲಿಸುತ್ತಿದ್ದ ಸರ್ ಮೊದಲ ತಿಂಗಳಲ್ಲೇ ನನ್ನಿಂದ ಒಂದೇ ಹಿಂದಿ ಸಾಲನ್ನು ಹತ್ತು ಸಲ ಹೇಳಿಸಿ, "ಮೊದಲು ಬಾಯಲ್ಲಿರೋ ಇಡ್ಲಿ ನುಂಗು, ಆಮೇಲೆ ಡೈಲಾಗ್ ಹೇಳು" ಎಂದರು. ತರಗತಿ ನಕ್ಕಿತು. ನಾನೂ ನಕ್ಕೆ. ಹತ್ತು ಸಲವೋ, ಐದೇ ಸಲವೋ... ಸಿಟ್ಟು ಬಂದಾಗ ಸಂಖ್ಯೆಗಳು ದೊಡ್ಡವಾಗುತ್ತವೆ. ಇಡ್ಲಿಯ ಮಾತು ಮಾತ್ರ ಅವತ್ತಿನ ಡೈರಿಯಲ್ಲಿದೆ.

ಅಳಲು ಜಾಗ ಹುಡುಕುತ್ತಾ ವಸ್ತ್ರಕೋಣೆಗೆ ನುಗ್ಗಿದ್ದೆ. ರಾಜನ ನಿಲುವಂಗಿಗಳ ನಡುವೆ ಅರುವತ್ತರ ಆಸುಪಾಸಿನ ಒಬ್ಬರು, ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ ಕಚ್ಚಿಕೊಂಡು ಅಂಚು ಮಡಿಸುತ್ತಿದ್ದರು. ನಾನು ಕನ್ನಡದಲ್ಲಿ ಏನೋ ಗೊಣಗಿರಬೇಕು. ಸೂಜಿಗಳನ್ನು ಅಂಗೈಗೆ ತೆಗೆದುಕೊಂಡು, "ಕನ್ನಡದಾಕಿ ಏನು ನೀ? ಯಾವೂರವಾ?" ಎಂದರು. ಅವರು ಬೀದರ್ ಕಡೆಯವರು. ಎಲ್ಲರಿಗೂ ಮಾಸ್ಟರ್‌ಜೀ, ನನಗೆ ಅವತ್ತಿನಿಂದ ಕಾಕಾ.

ಇಡ್ಲಿಯ ಕಥೆ ಕೇಳಿ ಅವರು ಸರ್‌ಗೆ ಬೈಯಲೂ ಇಲ್ಲ, ನನ್ನನ್ನು ಸಮಾಧಾನಪಡಿಸಲೂ ಇಲ್ಲ. "ಓಖ್ಲಾದ ಕಾರ್ಖಾನ್ಯಾಗ ಇದ್ದಾಗ ನಾ ಬಾಯಿ ತೆರದ್ರ ಸಾಕು, ನಗ್ತಿದ್ರು. ಆವಾಗಿಂದ ಸೂಜಿ ಬಾಯಾಗ ಇಟ್ಕೋತೀನಿ. ಸೂಜಿ ಕಚ್ಚಿದವನ್ನ ಯಾರೂ ಮಾತಾಡ್ಸಂಗಿಲ್ಲ ನೋಡು. ತಗೋ, ನಿನಗೂ ಎರಡು ಕೊಡ್ಲೇನು?" ಎಂದರು. ಅಳುತ್ತಿದ್ದವಳಿಗೆ ನಗು ಬಂತು.

ಮುಂದಿನ ಒಂದು ವರ್ಷ, ತರಗತಿ ಮುಗಿದ ಮೇಲೆ ಆ ಕೋಣೆಗೆ ಹೋಗುವುದು ರೂಢಿಯಾಯಿತು. ಒಳಗೆ ಕಾಲಿಟ್ಟ ಕೂಡಲೇ "ಉಂಡಿ ಏನು?" ಎನ್ನುತ್ತಿದ್ದರು. ತಮ್ಮ ಚಹಾದಲ್ಲಿ ಅರ್ಧ ಕೊಡುತ್ತಿದ್ದರು. ಇಡೀ ಕ್ಯಾಂಪಸ್ಸಿನಲ್ಲಿ ನಾನು ನನ್ನ ಮಾತು ಆಡುತ್ತಿದ್ದದ್ದು ಅಲ್ಲೊಂದೇ ಕಡೆ. ಹೊರಗೆ ಹಿಂದಿಯನ್ನು ಉಜ್ಜಿ ಉಜ್ಜಿ ನುಣುಪು ಮಾಡಿಕೊಳ್ಳುತ್ತಿದ್ದೆ.

ಎರಡನೇ ವರ್ಷ ಸರ್ ಒಂದು ಅಭ್ಯಾಸ ಕೊಟ್ಟರು. ನಟನೆ ಓದುವ ಎಲ್ಲ ಕಡೆಯೂ ಇರುವಂಥದ್ದೇ. ಒಬ್ಬ ಮನುಷ್ಯನನ್ನು ಮೂರು ವಾರ ಅವನಿಗೆ ಗೊತ್ತಾಗದಂತೆ ಗಮನಿಸಬೇಕು, ಕೊನೆಗೆ ವೇದಿಕೆಯ ಮೇಲೆ ಅವನೇ ಆಗಬೇಕು. "ಜಗತ್ತಿನಲ್ಲಿ ಇರೋದೆಲ್ಲ ಮೆಟೀರಿಯಲ್" ಎನ್ನುವುದು ಸರ್ ಅವರ ಪ್ರೀತಿಯ ಮಾತು. ಉಳಿದವರು ಕ್ಯಾಂಟೀನಿನ ಭಯ್ಯಾ, ಗೇಟಿನ ಗಾರ್ಡ್ ಎಂದು ಆರಿಸಿಕೊಂಡರು. ನಾನು ದೂರ ಹೋಗಲೇ ಇಲ್ಲ. ಕಾಕಾ ಕೊಟ್ಟ ಚಹಾ ಕುಡಿಯುತ್ತಾ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಅವರ ತುಟಿ, ಬೆರಳು, ಸೂಜಿಯ ಸಂದಿಯಿಂದ ಬರುವ ಅವರ ಹಿಂದಿ, ಎಲ್ಲವನ್ನೂ ಬರೆದುಕೊಂಡೆ.

ಇದಕ್ಕಿಂತ ಹೇಸಿಗೆಯದು ಇನ್ನೊಂದಿದೆ. ಪ್ರದರ್ಶನಕ್ಕೆ ಒಂದು ಅರ್ಧತೋಳಿನ ಅಂಗಿ ಬೇಕೆಂದು ನಾನು ಅವರನ್ನೇ ಕೇಳಿದೆ.

"ಯಾರ ಪಾರ್ಟು?"

"ಒಬ್ಬ ವಯಸ್ಸಾದವರದ್ದು, ಕಾಕಾ."

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಹಾಗೆಂದು ಈಗ ಅನ್ನಿಸುತ್ತದೆ, ಆಗ ನೋಡಿದ್ದರೋ ಇಲ್ಲವೋ... "ಆಯ್ತು, ಹೊಲ್ದು ಕೊಡ್ತೀನಿ. ಆಟ ಮುಗದ ಮ್ಯಾಲ ತಿರುಗಿ ಕೊಡು, ಬಿಚ್ಚಿ ಮತ್ತೊಬ್ರಿಗೆ ಬೇರೇದು ಹೊಲೀತೀನಿ" ಎಂದರು. ನಾನೇ ಬಾಯಾರೆ ಕರೆದೆ: "ನೀವೂ ಬರ್ಬೇಕು." ಅವರು ಬರುತ್ತಾರೆಂದು ಗೊತ್ತಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಡೈರಿ ತೆಗೆದು ನೋಡಿದರೆ, ಕರೆದದ್ದು ನನ್ನದೇ ಅಕ್ಷರದಲ್ಲಿದೆ.

ವೇದಿಕೆಯ ಮೇಲೆ ಸೂಜಿ ಕಚ್ಚಿಕೊಂಡು, ಗಂಡು ಹೆಣ್ಣೆಲ್ಲ ಅದಲುಬದಲಾಗುವ ಅವರ ಹಿಂದಿ ಆಡಿದೆ. "ಕಮೀಜ್ ಆಯಾ, ಧಾಗಾ ಗಯೀ, ಮೇರಾ ಬೀವಿ ಬೋಲಾ..." ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಓಖ್ಲಾದ ಕಾರ್ಖಾನೆಯ ಕಥೆ, ಬಾಯಿಗೆ ಸೂಜಿ ಇಟ್ಟುಕೊಂಡ ಕಾರಣ, ಅದನ್ನೂ ಬಿಡಲಿಲ್ಲ. ಅದಕ್ಕೇ ಹೆಚ್ಚು ನಗು ಬಂತು. ಸರ್ ವೇದಿಕೆಗೆ ಬಂದು, "ನೋಡಿ, ಇವತ್ತು ಈ ಹುಡುಗಿಯ ಬಾಯಲ್ಲಿ ಇಡ್ಲಿ ಇಲ್ಲ!" ಎಂದರು. ಆ ಮೆಚ್ಚುಗೆಗೆ ನಾನು ಹಿಗ್ಗಿದೆ. ನನ್ನ ಬಾಯಿಂದ ತೆಗೆದ ಅವಮಾನವನ್ನು ಒಯ್ದು ಕಾಕಾರ ಬಾಯಲ್ಲಿ ಇಟ್ಟು ಬಂದಿದ್ದೆ. ಎರಡನೇ ಸಾಲಿನಲ್ಲಿದ್ದ ಕಾಕಾರನ್ನು ಸರ್ ಎಬ್ಬಿಸಿ ನಿಲ್ಲಿಸಿದರು. ಅವರು ಎಲ್ಲರಿಗೂ ಕೈ ಮುಗಿದು ಕೂತರು.

ಅವರೂ ನಕ್ಕರು ಎನ್ನುತ್ತದೆ ನನ್ನ ನೆನಪು. ಈ ನೆನಪನ್ನು ನಾನು ನಂಬುವುದಿಲ್ಲ, ಅದು ನನಗೆ ತೀರಾ ಅನುಕೂಲವಾಗಿದೆ.

ಮರುದಿನ ವಸ್ತ್ರಕೋಣೆಗೆ ಹೋದಾಗ ಅವರು ಎದ್ದು ನಿಂತರು. ಅದುವರೆಗೆ ನನಗಾಗಿ ಎಂದೂ ಎದ್ದವರಲ್ಲ.

"ಆಯಿಯೇ ಮೇಡಂ. ಆಪ್ ಕಾ ನಾಪ್ ಲೇನಾ ಹೈ?"

"ಕಾಕಾ, ನಾನು..."

"ಜೀ ಮೇಡಂ, ಬೈಠಿಯೇ."

ಅಳತೆ ತೆಗೆಯಬೇಕೇ ಎಂದು ಯಾರೋ ಗಿರಾಕಿಯನ್ನು ಕೇಳುವಂತೆ, ನಿಧಾನವಾಗಿ, ಒಂದೊಂದೇ ಪದವನ್ನು ಜೋಡಿಸಿಕೊಂಡು ಆಡಿದ ಹಿಂದಿ. ಕೋರ್ಸು ಮುಗಿಯುವವರೆಗೆ ಅವರು ನನ್ನೊಡನೆ ಒಂದೇ ಒಂದು ಕನ್ನಡ ಪದ ಆಡಲಿಲ್ಲ. ನಾನು ಉಂಡೆನೋ ಇಲ್ಲವೋ ಎಂದು ಕೇಳಲಿಲ್ಲ. ಕ್ಷಮೆ ಕೇಳಬೇಕೆಂದು ಡೈರಿಯಲ್ಲಿ ಎಷ್ಟು ಸಲ ಬರೆದಿದ್ದೇನೋ, ಅಷ್ಟು ಸಲವೂ ‘ನಾಳೆ’ ಎಂದೇ ಬರೆದಿದ್ದೇನೆ.

ಮೊನ್ನೆ ಗುಂಪಿನಲ್ಲಿ ಎಲ್ಲರೂ ಅವರ ಫೋಟೊ ಹುಡುಕಿದರು. ನಮ್ಮ ಇಪ್ಪತ್ತೂ ಜನರ ಬಟ್ಟೆ ಹೊಲಿದವರ ಒಂದು ಫೋಟೊ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಸರ್ ಅವತ್ತಿನ ನನ್ನ ಪ್ರದರ್ಶನದ ವಿಡಿಯೊ ಹಾಕಿ, ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಇಲ್ಲ ಎಂದು ಬರೆದಿದ್ದರು. ಕೆಳಗೆ ಸಾಲುಸಾಲು ಹೃದಯಗಳು, ನಡುವೆ ಅಲ್ಲಲ್ಲಿ ನಗುವ ಮುಖಗಳು. ಭಾನುವಾರದ ಆನ್‌ಲೈನ್ ಸಭೆಯಲ್ಲಿ ನಾನು ಅದನ್ನೇ ಮತ್ತೊಮ್ಮೆ ಮಾಡಬೇಕಂತೆ. ‘ಅದು ಅವರಲ್ಲ, ದಯವಿಟ್ಟು ತೆಗೆಯಿರಿ’ ಎಂದು ಬರೆದೆ. ಯಾರೂ ತೆಗೆಯಲಿಲ್ಲ. ಸರ್ ನನಗೆ ಬೇರೆಯಾಗಿ ಮೆಸೇಜು ಕಳಿಸಿದರು: ‘ಪಶ್ಚಾತ್ತಾಪವೂ ಮೆಟೀರಿಯಲ್. ಬಳಸಿಕೋ.’

ಫೋನು ಎಸೆಯುವಷ್ಟು ಸಿಟ್ಟು ಬಂತು. ಗುಂಪು ಬಿಟ್ಟೆ. ಆದರೆ ಇದನ್ನು ಬರೆಯುತ್ತಾ ಕೂತಿರುವ ನಾನು ಈಗ ಮಾಡುತ್ತಿರುವುದಾದರೂ ಏನು? ಗೊತ್ತಿಲ್ಲ. ಕನಿಷ್ಠ ಈ ಸಲ ನಗಲು ಯಾರೂ ಇಲ್ಲ.

ಆ ಅಂಗಿಯನ್ನು ನಾನು ತಿರುಗಿ ಕೊಟ್ಟಿರಲಿಲ್ಲ. ನಿನ್ನೆ ಸೂಟ್‌ಕೇಸಿನ ಅಡಿಯಿಂದ ತೆಗೆದು ಹಾಸಿಗೆಯ ಮೇಲೆ ಹರಡಿದೆ. ಬಲ ಹೆಗಲು ಎಡ ಹೆಗಲಿಗಿಂತ ಒಂದು ಬೆರಳಿನಷ್ಟು ಕೆಳಗಿದೆ. ಕತ್ತರಿ ಹಿಡಿದು ಹಿಡಿದು ಕಾಕಾರ ಬಲ ಹೆಗಲು ಹಾಗೇ ಇಳಿದಿತ್ತು. ನಾನು ಹೇಳಿದ್ದು ಒಬ್ಬ ವಯಸ್ಸಾದವರು ಎಂದಷ್ಟೇ.

ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ತಮ್ಮ ಹೆಗಲಿನ ಅಳತೆಗೇ ಹೊಲಿದು ಕೊಟ್ಟು, ನನ್ನ ಹುಡುಗಿ ನನ್ನನ್ನು ಹ್ಯಾಂಗ ಮಾಡ್ತಾಳ ನೋಡೋಣ ಎಂದು ಬಂದು ಎರಡನೇ ಸಾಲಿನಲ್ಲಿ ಕೂತಿದ್ದರು...

ಅಂಗಿ ಇನ್ನೂ ಹಾಸಿಗೆಯ ಮೇಲಿದೆ. ಬಿಚ್ಚಿ ಮತ್ತೊಬ್ಬರಿಗೆ ಹೊಲಿಯುವವರು ಈಗಿಲ್ಲ.