ತೊಡೆ ತಟ್ಟಿದ ಸದ್ದು

ನಮ್ಮ ಮನೆಯಲ್ಲಿ ಬೆಳಗಾಗುವುದು ಕೋಳಿ ಕೂಗಿದಾಗ ಅಲ್ಲ, ನನ್ನ ಹೆಂಡತಿ ಗಂಗವ್ವ ರೊಟ್ಟಿ ಬಡಿಯಲು ಕೂತಾಗ. ಹಿಟ್ಟಿನ ಮೇಲೆ ಬೀಳುವ ಅವಳ ಅಂಗೈಯ ಸದ್ದು ಅಡಿಗೆಮನೆಯಿಂದ ಹೊರಟು, ಪಡಸಾಲೆ ದಾಟಿ, ಕೌದಿಯೊಳಗೆ ಮುದುಡಿ ಮಲಗಿರುವ ನನ್ನನ್ನು ಬಂದು ಮುಟ್ಟುತ್ತದೆ. ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕಲೆಂದೋ ಒಲೆಗೆ ಕಟ್ಟಿಗೆ ಸರಿಸಲೆಂದೋ ಅವಳು ಕೈ ನಿಲ್ಲಿಸುತ್ತಾಳಲ್ಲ, ಅಷ್ಟಕ್ಕೇ ನನ್ನ ಎದೆ ಧಸಕ್ಕೆಂದು ನಾನು ಎದ್ದು ಕೂಡುತ್ತೇನೆ. "ಯಾಕ್ರಿ, ಇಷ್ಟ ಲಗೂನ ಹಸಿವಿ ಆತೇನು?" ಎಂದು ಅವಳು ಒಳಗಿನಿಂದಲೇ ಚೇಷ್ಟೆ ಮಾಡುತ್ತಾಳೆ. ಹಸಿವೆಯಲ್ಲ, ಮಿತ್ರರೇ, ಅಂಜಿಕೆ. ಇಪ್ಪತ್ತು ವರ್ಷದ ಹಳೆಯ ಅಂಜಿಕೆ. ನಿಮ್ಮ ಮುಂದೆ ಹೇಳಿಕೊಂಡರೆ ಸ್ವಲ್ಪ ಹಗುರಾದೀತೆಂದು ಬರೆಯಲು ಕೂತಿದ್ದೇನೆ.

ಕಮರಿಪೇಟೆಯಲ್ಲಿ ಇಲಿ ಬಿದ್ದ ವರ್ಷವದು. ಪ್ಲೇಗು ಬಂತೆಂದು ಡಂಗುರ ಸಾರುವ ಮೊದಲೇ ಜನ ಹಾಸಿಗೆ, ಹಂಡೆ, ಬೀಸುಕಲ್ಲುಗಳನ್ನು ಚಕ್ಕಡಿಗೆ ಹೇರಿ ಮನೆಗೆ ಕೀಲಿ ಹಾಕಿದರು. ನಾವು ಹತ್ತಿಪ್ಪತ್ತು ಕುಟುಂಬದವರು ಉಣಕಲ್ಲಿನ ಆಚೆ, ಜೋಳ ಕೊಯ್ದು ಬಯಲಾಗಿದ್ದ ಒಂದು ಎರೆಹೊಲದಲ್ಲಿ ದಂಟಿನ ಗುಡಿಸಲು ಕಟ್ಟಿಕೊಂಡೆವು. ನನಗೆ ಆಗಷ್ಟೇ ಮದುವೆಯಾಗಿತ್ತು. ಹತ್ತಿಯ ಪೇಟೆಯಲ್ಲಿ ಕಾಗದ ಬರೆಯುವ ಗುಮಾಸ್ತನಾಗಿದ್ದ ನನಗೆ, ಪೇಟೆ ಮುಚ್ಚಿದ ಮೇಲೆ, ಅಂಜುವುದೊಂದೇ ಉದ್ಯೋಗವಾಗಿ ಉಳಿಯಿತು. ಪ್ಲೇಗಿನ ಗಡ್ಡೆ ಏಳುವುದು ಬಗಲಲ್ಲಿ ಇಲ್ಲವೆ ತೊಡೆಸಂದಿಯಲ್ಲಿ ಎಂಬುದು ಗೊತ್ತಿದ್ದುದರಿಂದ ಮಾತಾಡುತ್ತ ಮಾತಾಡುತ್ತಲೇ ಎಲ್ಲರ ಕೈಯೂ ಬಗಲಿಗೆ ಹೋಗುತ್ತಿತ್ತು. ನನ್ನ ಕೈಯಂತೂ ಅಲ್ಲಿಂದ ಹೊರಬರುತ್ತಲೇ ಇರಲಿಲ್ಲ.

ಆ ಗುಡಿಸಲುಗಳ ನಡುವೆಯೇ ವಸ್ತಾದ ಫಕ್ಕೀರಪ್ಪನವರದೂ ಒಂದು ಗುಡಿಸಲಿತ್ತು. ಪೇಟೆಯಲ್ಲಿ ಹತ್ತಿಯ ಅಂಡಿಗೆ ಹೊರುವ ಹಮಾಲರು ಅವರು. ಬೆಳಿಗ್ಗೆ ಮಾತ್ರ ತಾಲೀಮಿನಲ್ಲಿ ಹುಡುಗರಿಗೆ ಕುಸ್ತಿ ಕಲಿಸುವ ಗುರು. ಗುಡಿಸಲಿನ ಕಂಬ ನೆಡುವಾಗ ಮೊಣಕಾಲು ಉಳುಕಿಸಿಕೊಂಡು ಕುಂಟುತ್ತಿದ್ದರೂ ಅವರು ಸುಮ್ಮನೆ ಕೂರುವ ಪೈಕಿಯಲ್ಲ. ಮೊದಲು ಎಲ್ಲರನ್ನೂ ಡಾಕ್ಟರರ ಮುಂದೆ ಸಾಲಾಗಿ ನಿಲ್ಲಿಸಿ ಸೂಜಿ ಚುಚ್ಚಿಸಿದರು. ಆಮೇಲೆ ಹೊಲದಲ್ಲಿ ಬೂದಿಯಿಂದ, ಒಂದಕ್ಕೊಂದು ನಾಲ್ಕು ಮಾರು ದೂರ, ಒಬ್ಬೊಬ್ಬರಿಗೆ ಒಂದೊಂದು ಚಕ್ರ ಬರೆದರು. ಚಕ್ರದೊಳಗೆ ನಿಂತು ದಂಡ, ಬೈಠಕ್, ಅದೇ ನಮ್ಮ ಸಾಮು. ಯಾರೂ ಯಾರನ್ನೂ ಮುಟ್ಟಕೂಡದು. ಮುಟ್ಟದ ಮೇಲೆ ಕುಸ್ತಿ ಎಂಥದು ಎಂದು ಪಳಗಿದ ಹುಡುಗರು ಗೊಣಗಿದರು.

"ಕುಸ್ತಿ ಎಲ್ಲಿ ಓಡಿ ಹೋಗತೈತ್ರೋ? ಊರಿಗೆ ಹೋದ ಮ್ಯಾಲ ಹಿಡಿಯೂಣು" ಎಂದರು ವಸ್ತಾದರು. "ಈಗ ನಿಮ್ಮ ಮೈ ಕೂಡ ನೀವ ಹಿಡೀರಿ. ಅದನ್ನ ಕೆಡವಿದ್ರ ಸಾಕು."

ನಾನೂ ಒಂದು ಚಕ್ರ ಹಿಡಿದು ನಿಂತೆ. ತೋಳು ದಪ್ಪವಿದ್ದವನನ್ನು ಕಂಡರೆ ಪ್ಲೇಗು ದಾರಿ ಬಿಟ್ಟು ಸರಿಯುತ್ತದೆಂದು ನಂಬಿದ್ದೆ. ಅಂಜಿದವನ ಬುದ್ಧಿ ಅಷ್ಟೇ. ಮೊದಲ ದಿನ ಐವತ್ತು ಬೈಠಕ್ ಹೊಡೆದೆ. ಮರುದಿನ ಏಳಲು ಹೋದರೆ ತೊಡೆಸಂದಿಯಲ್ಲಿ ಚಳಕ್ಕೆಂದಿತು. ಹೆದರುವವರ ಮೇಲೆ ಹಾವೆಸೆದಂತೆ ಎಂಬ ಮಾತು ಹುಟ್ಟಿದ್ದೇ ನನ್ನನ್ನು ನೋಡಿ ಇರಬೇಕು. ಗಂಗವ್ವನಿಗೆ ಹೇಳಲಿಲ್ಲ. ಅವಳು ಕೊಟ್ಟ ರೊಟ್ಟಿಯನ್ನು ಮುಟ್ಟದೆ ಹಾಗೇ ಮುಚ್ಚಿಟ್ಟೆ. ಹದಿನೇಳು ವರ್ಷದ ಆ ಹುಡುಗಿಯನ್ನು ಯಾರ ಕೈಗೆ ಒಪ್ಪಿಸಿ ಹೋಗಲಿ ಎಂದು ಕಣ್ಣು ತುಂಬಿಕೊಂಡು ಚಕ್ರದ ಕಡೆ ಹೋದೆ.

ವಸ್ತಾದರು ದೂರದಿಂದಲೇ ನನ್ನ ಮುಖ ನೋಡಿ, "ಜ್ವರಾ ಐತೇನು?" ಎಂದರು.

"ಇಲ್ರಿ. ನೋವು ಐತ್ರಿ."

"ಹಂಗಾರ ಹತ್ತು ಬೈಠಕ್ ಹೊಡಿ."

ಸಾಯುವವನಿಗೆ ಇದೆಂಥ ಶಿಕ್ಷೆ ಎಂದುಕೊಳ್ಳುತ್ತ ಹೊಡೆದೆ. ಐದಾದ ಮೇಲೆ ಬಿಗಿದಿದ್ದದ್ದು ಸಡಲಿತು. ಅವರು ನಕ್ಕರು. "ಮೈ ಬೆಚ್ಚಗಾದಂಗ ಸಡಲಾತಂದ್ರ ಅದು ಸಾಮಿನ ನೋವು, ತಮ್ಮಾ. ಬೆಚ್ಚಗಾದಷ್ಟೂ ಬಿಗೀತಂದ್ರ ಡಾಕ್ಟರ್ ಕಡೆ ಓಡೂದು, ನಾಚಿಗಿ ಬ್ಯಾಡ. ಎರಡರ ಗುರ್ತಾ ಇಟಗೋ."

ಸಾಮು ಮಾಡಿದವರಿಗೆ ಪ್ಲೇಗು ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರುತ್ತದೆ. ಪ್ಲೇಗು ಯಾರ ತೋಳನ್ನೂ ಅಳೆದು ನೋಡುವುದಿಲ್ಲ. ಆದರೆ ನಸುಕಿನ ಆ ಒಂದು ತಾಸು, ಉಸಿರನ್ನು ಎಣಿಸುತ್ತ ಏಳುವುದರಲ್ಲಿ, ಕೂಡುವುದರಲ್ಲಿ, ನನ್ನ ಕೈ ಬಗಲಿಗೆ ಹೋಗುವುದನ್ನು ಮರೆತಿರುತ್ತಿತ್ತು. ಅಲ್ಲಿಯವರೆಗೆ ನನ್ನ ಮೈಯನ್ನು ನಾನು ಕಳ್ಳ ಹೊಕ್ಕ ಮನೆಯಂತೆ ನೋಡುತ್ತಿದ್ದೆ, ಎಲ್ಲಿ ಏನು ಅಲುಗಿತೋ ಎಂದು ಕಿವಿಗೊಟ್ಟು. ಸಾಮಿನಿಂದ ಅದು ಮತ್ತೆ ನನ್ನ ಮನೆಯಾಯಿತು. ರಾತ್ರಿ ನಿದ್ದೆ ಬಂತು, ರೊಟ್ಟಿ ರುಚಿಸಿತು, ಗಂಗವ್ವನ ಜೊತೆ ಎರಡು ನಗುವಿನ ಮಾತಾಡುವಷ್ಟು ಜೀವ ಬಂತು. ಅಂಜಿಕೆ ಹೋಗಲಿಲ್ಲ, ಅದಕ್ಕೂ ಒಂದು ಚಕ್ರ ಬರೆದು ನಿಲ್ಲಿಸಿದಂತಾಯಿತು, ಅಷ್ಟೇ.

ಹೀಗೆ ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ, ಸದಾ ಕುಂಟುತ್ತ ನಮ್ಮ ನಡುವೆ ತಿರುಗಾಡುವ ವಸ್ತಾದರು ಬದುವಿನ ಕಲ್ಲಿನ ಮೇಲೆ ಕೂತೇ ಎಣಿಸತೊಡಗಿದರು. ಕೈ ತೊಡೆಯ ಬುಡದಲ್ಲಿತ್ತು.

"ವಸ್ತಾದರ, ಕಾಲಿಗೆ ಏನಾತ್ರಿ?" ಎಂದೆ.

"ಏನಿಲ್ಲೋ. ಬೈಠಕ್ ಹೊಡದ ನೋವು."

ಉಳುಕಿದ ಮೊಣಕಾಲಿನ ಅವರು ಹೊಲಕ್ಕೆ ಬಂದಾಗಿನಿಂದ ಒಂದು ಬೈಠಕ್ಕನ್ನೂ ಹೊಡೆದಿರಲಿಲ್ಲ. ಗುರುವಿಗೆ ಎದುರಾಡಬಾರದೆಂದು ನಾಲಿಗೆ ಹಿಂದೆ ಸರಿಯಿತು. ಅಂಜಿಕೆಯೇ ಅದನ್ನು ಮುಂದೆ ತಳ್ಳಿತು. "ನೀವು ಬೈಠಕ್ ಹೊಡದ ಇಲ್ಲಲ್ರಿ" ಎಂದುಬಿಟ್ಟೆ.

ಅವರು ತೊಡೆಯ ಮೇಲಿನ ಕೈ ತೆಗೆದರು. "ನಿನ್ನ ಅಂಜಿಕಿಗೆ ಕಣ್ಣು ಛಲೋ ಅದಾವು" ಎಂದರು. "ಖರೇ ಐತಿ. ನಿನ್ನೆ ಸಂಜಿಯಿಂದ. ಅಲ್ಲೇ ನಿಂದರು, ಮುಂದ ಬರಬ್ಯಾಡ."

ಅಂದೇ ಅವರು ಹೊಲದ ತುದಿಯ ಬೇವಿನ ಗಿಡದ ಕೆಳಗೆ ಬೇರೆ ಗುಡಿಸಲು ಹಾಕಿಸಿಕೊಂಡು ಹೋದರು. ಬೇಡವೆಂದರೂ ಕೇಳದೆ ಅವರ ಹೆಂಡತಿ ನೀಲವ್ವ ಜೊತೆಗೆ ಹೋದಳು. ಹೋಗುವ ಮೊದಲು ವಸ್ತಾದರು ನಮಗೆಲ್ಲ ಕೂಗಿ ಹೇಳಿದರು: "ದಿನಾ ನಸಿಕಿನ್ಯಾಗ ಮೂರು ಸಲ ತೊಡಿ ತಟ್ಟತೇನಿ. ಕೇಳಿದ ಕೂಡಲೆ ನೀವೂ ತಟ್ಟಿ ಸಾಮು ಸುರು ಮಾಡ್ರಿ. ನಾ ಇಲ್ಲಿಂದ ಕೇಳತಿರತೇನಿ. ಒಬ್ಬಾವ ಬಿಟ್ರೂ ನನಗ ತಿಳೀತೈತಿ."

ಮರುದಿನ ನಾವು ಚಕ್ರಗಳಲ್ಲಿ ಉಸಿರು ಬಿಗಿಹಿಡಿದು ನಿಂತೆವು. ಬೇವಿನ ಗಿಡದ ಕಡೆಯಿಂದ ಬಂತು: ಮೂರು ಪೆಟ್ಟು, ಅಖಾಡಕ್ಕೆ ಇಳಿಯುವ ಪೈಲವಾನನ ತುಂಬು ಪೆಟ್ಟು. ನಾವೂ ತೊಡೆ ತಟ್ಟಿದೆವು. ಇಡೀ ಹೊಲ ಸದ್ದಾಯಿತು. ಡಾಕ್ಟರರು ದಿನಾ ಬಂದು ಹೋಗುತ್ತಿದ್ದರು, ಕೇಳಿದರೆ ತಲೆಯಲ್ಲಾಡಿಸುತ್ತಿದ್ದರು. ಸದ್ದು ಮಾತ್ರ ತಪ್ಪಲಿಲ್ಲ. ಮೂರನೆಯ ದಿನದಿಂದ ಅದು ಸ್ವಲ್ಪ ಬೇರೆಯಾಗಿತ್ತು, ಮೆತ್ತಗೆ, ಅಗಲವಾಗಿ. ಸೂಜಿ ಬಿದ್ದರೂ ಬೆಚ್ಚುವ ನನ್ನ ಕಿವಿಗೆ ಅದು ಗೊತ್ತಾಯಿತು. ಆದರೆ ಯಾರಿಗೂ ಹೇಳಲಿಲ್ಲ, ನನಗೆ ನಾನೂ ಹೇಳಿಕೊಳ್ಳಲಿಲ್ಲ. ವಸ್ತಾದರು ಬದುಕಲೇಬೇಕಾಗಿತ್ತು, ಅವರೇ ಬದುಕದಿದ್ದರೆ ನಮ್ಮಂಥವರ ಗತಿಯೇನು?

ಒಂಬತ್ತನೆಯ ದಿನವೂ ಮೂರು ಪೆಟ್ಟು ಕೇಳಿಸಿತು. ನಾವು ಸಾಮು ಮುಗಿಸಿ ಬೆವರು ಒರೆಸಿಕೊಳ್ಳುವಾಗ ನೀಲವ್ವ ಹೊಲದ ನಡುವಿನವರೆಗೆ ಬಂದು ನಿಂತಳು. ಎರಡೂ ಅಂಗೈಗೆ ಹಿಟ್ಟು ಮೆತ್ತಿತ್ತು.

"ಹ್ವಾದ್ರು" ಎಂದಳು. "ಬೆಳ್ಳಿಚಿಕ್ಕಿ ಮೂಡೂದ್ರಾಗ ಹ್ವಾದ್ರು."

"ಮತ್ತ ಈಗ ಸದ್ದು ಕೇಳಿಸ್ತಲ್ಲವ್ವಾ?" ಎಂದೆ.

"ಮೊದಲಿನ ಎರಡು ದಿನದ್ದು ಅವರದು. ಆಮ್ಯಾಲ ಕೈ ಎತ್ತಾಕ ಆಗಲಿಲ್ಲ. ಹುಡುಗರು ಕಾಯಾಕತ್ತಾರ, ರೊಟ್ಟಿ ಹಿಟ್ಟಿನ ಮ್ಯಾಲರೆ ಬಡಿ ಅಂದ್ರು. ದಿನಾ ಅವರು ಹೇಳತಿದ್ರು, ನಾ ಬಡೀತಿದ್ದೆ."

"ಇವತ್ತ?"

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ಇವತ್ತ ಹೇಳಾಕ ಅವರು ಇರಲಿಲ್ಲಪಾ. ಆದ್ರ ನೀವು ನಿಂತಿದ್ರಿ."

ನಾವು ಅವಳ ಹತ್ತಿರ ಹೋಗುವಂತಿರಲಿಲ್ಲ, ಅವಳ ಕೈ ಹಿಡಿಯುವಂತಿರಲಿಲ್ಲ. ನನ್ನ ಕೈ ತಾನಾಗಿ ತೊಡೆಯ ಮೇಲೆ ಬಿತ್ತು. ಪಕ್ಕದವನು ತಟ್ಟಿದ, ಅವನಾಚೆಯವನು ತಟ್ಟಿದ. ಎಲ್ಲರೂ ಅಳುತ್ತಿದ್ದೆವು, ತಟ್ಟುತ್ತಿದ್ದೆವು. ಅವಳು ತಿರುಗಿ ಗುಡಿಸಲಿನ ಕಡೆ ನಡೆದಳು.

ಅಂದಿನಿಂದ ಇಂದಿನವರೆಗೆ ನಾನು ಸಾಮು ಬಿಟ್ಟಿಲ್ಲ. ಈ ಪ್ರಬಂಧ ಬರೆಯಲು ಕೂತ ದಿನದಿಂದ ಇನ್ನೊಂದು ರೂಢಿಯೂ ಸೇರಿಕೊಂಡಿದೆ. ಈಗ ರೊಟ್ಟಿಯ ಸದ್ದು ನಿಂತರೆ ನಾನು ಎದ್ದು ಕೂಡುವುದಿಲ್ಲ, ಕೌದಿಯೊಳಗಿಂದಲೇ ಮೂರು ಸಲ ತೊಡೆ ತಟ್ಟುತ್ತೇನೆ. ಇದನ್ನೆಲ್ಲ ಗಂಗವ್ವನಿಗೆ ಓದಿ ಹೇಳಿದ್ದೇನೆ. ಅವಳು ಚೇಷ್ಟೆ ಮಾಡುವುದನ್ನು ಬಿಟ್ಟಿದ್ದಾಳೆ. ಹಿಟ್ಟಿನ ಮೇಲೆ ಮೂರು ಪೆಟ್ಟು ಬಡಿದು, "ಇಲ್ಲೇ ಅದೀನ್ರಿ" ಎನ್ನುತ್ತಾಳೆ.