ತಂಪೋಕೊ ಬದುಕಿಸಿದ ನೆಲ

ತಂಪೋಕೊ ಎಂದರೆ ನಮ್ಮಲ್ಲಿ ತಿಪ್ಪೆಯ ಹೆಣ್ಣು. ಅವಳಮ್ಮನ ಮೊದಲಿನ ಮೂರು ಕೂಸುಗಳು ಸತ್ತಿದ್ದವಂತೆ. ಸಾವಿಗೆ ಅಸಹ್ಯವಾಗಲೆಂದು ಇವಳನ್ನು ಹುಟ್ಟಿದೊಡನೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡರು. ನಾನು ಅವಳ ಸವತಿ, ಕಿರಿಯವಳು. ಯಾಟೆಂಗಾ ಸೀಮೆಯ ಈ ಅಂಗಳದಲ್ಲಿ ಇಪ್ಪತ್ತೆಂಟು ವರ್ಷ ಒಂದೇ ಒಲೆಗಾಗಿ ಜಗಳವಾಡಿದ್ದೇವೆ. ಗಂಡ ಸತ್ತ ಮೇಲೆ ಜಗಳಕ್ಕೂ ನನಗೆ ಅವಳೊಬ್ಬಳೇ ಉಳಿದಳು.

ನೆಲ ಗಂಡಸರದು. ವಿಧವೆಯಾದ ವರ್ಷ ಅವಳು ಭಾವ ನೊಬಿಲನ ಬಳಿ ಒಂದು ತುಂಡು ಕೇಳಿದಳು. ಅವನು ಗುಡ್ಡದಡಿಯ ಬೋಳು ನೆಲ ತೋರಿಸಿ ನಕ್ಕ. ಗುದ್ದಲಿ ಬಿದ್ದರೆ ಟಣ್ ಎನ್ನುವ ನೆಲ.

"ಅದು ಸತ್ತೋಗಿದೆ ಕಣಮ್ಮ. ಸತ್ತಿರೋವರೆಗೂ ನಿಂದೇ, ತಗೋ."

ಊರ ಹಿರಿಯರು ಆ ಮಾತು ಕೇಳಿಸಿಕೊಂಡು, ಒಪ್ಪಂದ ಗಟ್ಟಿಯಾಯಿತೆಂದು ಕೋಲಾ ಕಾಯಿ ಮುರಿದು ಹಂಚಿಕೊಂಡರು.

ಅಬ್ಬಾ, ಆಮೇಲೆ ಅವಳನ್ನು ನೋಡಬೇಕಿತ್ತು! ಬೇಸಿಗೆಯಿಡೀ ಗೇಣುದ್ದದ ಗುಂಡಿ ತೋಡುವಳು, ಒಂದೊಂದಕ್ಕೂ ಎರಡು ಹಿಡಿ ಗೊಬ್ಬರ. ಆಡಿನ ಹಿಕ್ಕೆ, ಒಲೆಯ ಬೂದಿ, ಜೋಳದ ಹೆಂಡದ ಗಸಿ, ಎಲ್ಲ ಅವಳ ಉಡಿಗೆ. ದಾರಿಯಲ್ಲಿ ಕತ್ತೆ ಬಾಲ ಎತ್ತಿದರೆ ಮಾತು ಅರ್ಧಕ್ಕೇ ಬಿಟ್ಟು ಓಡುವಳು.

"ಥೂ, ಗಬ್ಬು! ಆಚೆ ಮಲಗು ಹೋಗೇ," ಅನ್ನುತ್ತಿದ್ದೆ.

"ನಿನ್ನ ಬಟ್ಟಲಿಗೆ ಬರೋ ಗಂಜಿ ಈ ಗಬ್ಬಿಂದಾನೇ ಕಣೇ, ಮಹಾರಾಣಿ!"

ಗೊಬ್ಬರಕ್ಕೆ ಗೆದ್ದಲು ಬಂತು, ಗೆದ್ದಲು ನೆಲ ಕೊರೆಯಿತು, ಮಳೆನೀರು ಇಳಿಯಿತು. ಏಳನೆಯ ವರ್ಷ ಸಜ್ಜೆ ಅವಳ ತಲೆಗಿಂತ ಎತ್ತರ ನಿಂತಿತ್ತು.

ಸುಗ್ಗಿ ಮುಗಿದದ್ದೇ ತಡ, ನೊಬಿಲ ಹಿರಿಯರನ್ನು ಕರೆದುಕೊಂಡು ಹೊಲಕ್ಕೇ ಬಂದ. ಅವನ ಮಗನಿಗೆ ನೆಲ ಬೇಕಿತ್ತು.

"ತಂಪೋಕೊ, ಎಲ್ಲರ ಮುಂದೆ ಹೇಳು. ಈ ನೆಲ ಸತ್ತಿದೆಯಾ?"

ನಮ್ಮಲ್ಲಿ ನೆಲದ ಸಾಕ್ಷಿ ಅಗೆಯುವವರ ಬಾಯಲ್ಲಿ; ಅದನ್ನು ಹಿರಿಯರೂ ಮೀರುವಂತಿಲ್ಲ. "ಸತ್ತಿದೆ ಅನ್ನು ಅಕ್ಕಾ," ಎಂದು ಅವಳ ಸೊಂಟ ಚಿವುಟಿದೆ.

ಅವಳು ಬಗ್ಗಿ ಒಂದು ಹಿಡಿ ಮಣ್ಣೆತ್ತಿದಳು. ಮುಖದಲ್ಲಿ ಎಂಥ ಜಂಬ!

"ಸತ್ತಿದೆಯಾ? ಮೂಸಿ ನೋಡಿ! ನನ್ನ ಕೈಯಲ್ಲಿ ಬದುಕಿದೆ!"

"ಬದುಕಿದೆ ಅಂದ್ಲು. ಕೇಳಿದ್ರಲ್ಲ," ಎಂದ ನೊಬಿಲ. ಹಿರಿಯರು ತಲೆಯಾಡಿಸಿ ಹೊರಟರು.

ಸತ್ತಿರೋವರೆಗೆ ಎಂಬ ಮಾತು ಮುಗಿದು ನೆಲ ಕೈಬಿಟ್ಟಿತೆಂದು ಆಗಲೇ ಅವಳಿಗೆ ಗೊತ್ತಾದದ್ದು. ನನಗಿನ್ನೂ ಅವಳ ಮೇಲೆ ಸಿಟ್ಟಿದೆ. ಒಂದು ಸುಳ್ಳು, ದಡ್ಡಿ, ಒಂದೇ ಒಂದು ಸುಳ್ಳು!

ಭಾವ ಬೇರೊಂದು ಬೋಳು ನೆಲ ತೋರಿಸಿದ. ಅವಳ ರಟ್ಟೆಗೆ ಈಗ ಗುದ್ದಲಿ ಏಳುವುದಿಲ್ಲ. ಆದರೂ ದಾರಿಯಲ್ಲಿ ಹಿಕ್ಕೆ ಕಂಡರೆ ಬಗ್ಗುತ್ತಾಳೆ, ಉಡಿ ತುಂಬಿಕೊಂಡು ಅಂಗಳಕ್ಕೆ ಬಂದು ನಿಲ್ಲುತ್ತಾಳೆ.

"ಇದನ್ನ ಎಲ್ಲಿಗೆ ಹಾಕ್ಲೇ?" ಎಂದು ನನ್ನನ್ನು ಕೇಳುತ್ತಾಳೆ.

ನಾನು ಒಲೆ ಊದುತ್ತ ಕೂತಿರುತ್ತೇನೆ.